‘ಓಕೆ’ ಎಂಬುದನ್ನು ಬರೆಯುವ, ಹೇಳುವ ಹಾಗೂ ನಂಬುವ ಕುರಿತು

ಕೇಂದ್ರ ಕಚೇರಿ, ಆಡಳಿತ ಶಾಖೆ
ಪದಪ್ರಯೋಗ ಉಪಶಾಖೆ, ಮೂರನೇ ಮಹಡಿ
(ಮುಂಭಾಗದ ಲಿಫ್ಟ್ ಅಧಿಕಾರಿಗಳಿಗೆ ಮಾತ್ರ. ಉಳಿದವರು ಹಿಂಭಾಗದ ಮೆಟ್ಟಿಲು ಬಳಸುವುದು.)

ಸಂಖ್ಯೆ: ಆಶಾ/ಪಪ್ರ/ಓಕೆ/ತಿದ್ದಿದ್ದು/ಮತ್ತೆ ತಿದ್ದಿದ್ದು

ಸುತ್ತೋಲೆ

ವಿಷಯ: ಮೇಲಧಿಕಾರಿಗಳು ಕಡತದ ಮೇಲೆ ‘ಓಕೆ’ ಎಂದು ಬರೆದಾಗ ಅದನ್ನು ಒಪ್ಪಿಗೆ ಎಂದು ತಿಳಿದು ಕೆಲಸ ಮಾಡಿಬಿಡುವ ದುರಭ್ಯಾಸವನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
(ಅ) ಹಿಂಭಾಗದ ಮೆಟ್ಟಿಲಿನ ಕೈಕಂಬಿ ಅಲ್ಲಾಡುತ್ತಿದೆ ಎಂದು ದಾಖಲೆ ಕೋಣೆಯ ಸಹಾಯಕಿ ಸಲ್ಲಿಸಿದ ಮನವಿ.
(ಆ) ಸದರಿ ಮನವಿಯ ಮೇಲಿನ ಓಕೆಗಳು.
(ಇ) ಸದರಿ ಸಹಾಯಕಿ ಆಸ್ಪತ್ರೆಯ ಹಾಸಿಗೆಯಿಂದ ಸಲ್ಲಿಸಿದ ಇನ್ನೊಂದು ಮನವಿ.
(ಈ) ಊಟದ ನಂತರ ನಿರ್ದೇಶಕರು ಮೌಖಿಕವಾಗಿ ವ್ಯಕ್ತಪಡಿಸಿದ ಬೇಸರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಇಲಾಖೆಯ ಎಲ್ಲ ಸಿಬ್ಬಂದಿಯ ಗಮನಕ್ಕೆ ಈ ಕೆಳಕಂಡ ಅಂಶಗಳನ್ನು ತರಲಾಗಿದೆ. ಗಮನ ಎಂಬುದು ಸಿಬ್ಬಂದಿಯಲ್ಲಿ ಇದೆ ಎಂದು ಸದ್ಯಕ್ಕೆ ಭಾವಿಸಲಾಗಿದೆ.

೧. ಕಚೇರಿಯ ಹಿಂಭಾಗದ ಮೆಟ್ಟಿಲಿಗೆ ಕಬ್ಬಿಣದ ಕೈಕಂಬಿಯೊಂದು ಇತ್ತು. ಹತ್ತುವವರು, ಇಳಿಯುವವರು ಅದನ್ನು ಹಿಡಿದುಕೊಳ್ಳುತ್ತಿದ್ದರು. ಅದು ಸಡಿಲವಾಗಿದೆ ಎಂದು ದಾಖಲೆ ಕೋಣೆಯ ಸಹಾಯಕಿ ಮನವಿ ಕೊಟ್ಟರು. ಇವರನ್ನು ಕಚೇರಿಯಲ್ಲಿ ಎಲ್ಲರೂ ‘ದೊಡ್ಡಮ್ಮ’ ಎಂದು ಕರೆಯುತ್ತಾರೆ. ಈ ಸಂಬಂಧಕ್ಕೆ ಇಲಾಖೆಯ ಮಂಜೂರಾತಿ ಇಲ್ಲದಿದ್ದರೂ, ಬೇರೆ ಹೆಸರಿನಿಂದ ವಿಚಾರಿಸಿದರೆ ಯಾರಿಗೂ ಗುರುತು ಸಿಗುತ್ತಿಲ್ಲವಾದ್ದರಿಂದ, ಈ ಸುತ್ತೋಲೆಯ ಮಟ್ಟಿಗೆ ಮಾತ್ರ ಹಾಗೆ ಕರೆಯಲಾಗಿದೆ. ಇದನ್ನು ಮುಂದಿಟ್ಟುಕೊಂಡು ಯಾರೂ ಚಿಕ್ಕಪ್ಪ, ಅತ್ತಿಗೆ ಮುಂತಾದ ಹುದ್ದೆಗಳಿಗೆ ಹಕ್ಕು ಸಾಧಿಸತಕ್ಕದ್ದಲ್ಲ.

೨. ಸದರಿ ಮನವಿಯು ಅಧೀಕ್ಷಕರು, ಲೆಕ್ಕಾಧಿಕಾರಿ, ಉಪನಿರ್ದೇಶಕರು ಮತ್ತು ನಿರ್ದೇಶಕರ ಮೇಜುಗಳನ್ನು ಹಾದು ಕೆಳಗೆ ಬಂತು. ನಾಲ್ವರೂ ಅದರ ಮೇಲೆ ‘ಓಕೆ’ ಎಂದು ಬರೆದಿದ್ದರು. ಇಲಾಖೆಯಲ್ಲಿ ಇದು ಪ್ರತಿನಿತ್ಯ ನಡೆಯುವ, ಯಾರಿಗೂ ತೊಂದರೆ ಕೊಡದ, ಬಹುಕಾಲದ ಪದ್ಧತಿಯಾಗಿರುತ್ತದೆ. ಹೀಗೆ ಓಕೆಯಾದ ಕಡತಗಳು ದಾಖಲೆ ಕೋಣೆಯ ಕಪಾಟುಗಳಲ್ಲಿ ನೆಮ್ಮದಿಯಾಗಿ ಮಲಗಿರುತ್ತವೆ. ಅವುಗಳಿಂದ ಈವರೆಗೆ ಒಂದು ಮೊಳೆಯೂ ಗೋಡೆಗೆ ಹೊಡೆಯಲ್ಪಟ್ಟ ಉದಾಹರಣೆ ಇಲ್ಲ.

೩. ಆದರೆ ಈ ಬಾರಿ ಕಡತವು ರಿಪೇರಿ ಮೇಸ್ತ್ರಿಯ ಕೈಗೆ ಸಿಕ್ಕಿತು. ಇವನು ಬೇರೆ ಕಚೇರಿಯಿಂದ ಹೊಸದಾಗಿ ವರ್ಗವಾಗಿ ಬಂದವನು. ಇಲ್ಲಿಯ ನಡೆನುಡಿ ತಿಳಿಯದವನು. ನಾಲ್ಕು ಓಕೆಗಳನ್ನು ಒಟ್ಟಿಗೆ ಕಂಡ ಸಂಭ್ರಮದಲ್ಲಿ ಅವನು ಹಿಂದುಮುಂದು ನೋಡದೆ ಉಪಕರಣಗಳ ಚೀಲ ಹೆಗಲಿಗೇರಿಸಿಕೊಂಡು ಹೋಗಿ, ಹಳೆಯ ಕೈಕಂಬಿಯನ್ನು ಬುಡಸಮೇತ ಕಿತ್ತು ಪಕ್ಕಕ್ಕಿಟ್ಟನು. ಹೊಸ ಕಂಬಿಗೆ ಅನುಮತಿ ಬೇಕೆಂದು ಕಡತವನ್ನು ಮತ್ತೆ ಮೇಲಕ್ಕೆ ಕಳುಹಿಸಿದನು. ಕಡತ ಮತ್ತೆ ನಾಲ್ಕು ಓಕೆಗಳೊಂದಿಗೆ ಕೆಳಗೆ ಬಂತು. ಈ ಬಾರಿ ಲೆಕ್ಕಾಧಿಕಾರಿಯವರು ಅವನನ್ನು ಕರೆಸಿ, ಎರಡನೆಯ ಸುತ್ತಿನ ಓಕೆಗೆ ‘ನೋಡೋಣ’ ಎಂಬ ಅರ್ಥವಿದೆ ಎಂದು ತಿಳಿಸಿದರು. ಹೀಗಾಗಿ ಮೆಟ್ಟಿಲಿಗೆ ಹಳೆಯ ಕಂಬಿಯೂ ಇಲ್ಲ, ಹೊಸದೂ ಇಲ್ಲ, ಓಕೆಗಳು ಮಾತ್ರ ಧಾರಾಳವಾಗಿ ಇವೆ.

೪. ಈ ನಡುವೆ ದೊಡ್ಡಮ್ಮ ಎಂಬ ಸದರಿ ಸಹಾಯಕಿಯು ಎದೆಗವಚಿಕೊಂಡಿದ್ದ ಕಡತಗಳ ಕಟ್ಟಿನೊಂದಿಗೆ ಅದೇ ಮೆಟ್ಟಿಲಿನಿಂದ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು, ಆಸ್ಪತ್ರೆ ಸೇರಿರುತ್ತಾರೆ. ಕಡತಗಳಿಗೆ ಯಾವುದೇ ಹಾನಿಯಾಗಿಲ್ಲ ಎಂದು ತಿಳಿಸಲು ಇಲಾಖೆ ಹರ್ಷಿಸುತ್ತದೆ.

೫. ತಾನು ಕರ್ತವ್ಯದಲ್ಲಿದ್ದಾಗ ಬಿದ್ದಿರುವುದಾಗಿ ಪರಿಗಣಿಸಬೇಕೆಂದು ಅವರು ಉಲ್ಲೇಖ (ಇ)ರಲ್ಲಿ ಕೋರಿದ್ದಾರೆ. ಹಾಗೆ ಪರಿಗಣಿಸಿದರೆ ಮೂಳೆ ಕೂಡುವವರೆಗೆ ಅವರಿಗೆ ರಜೆಯೂ, ವಾಪಸು ಬಂದಾಗ ಕೂರಲು ಕುರ್ಚಿಯೂ ಸಿಗುತ್ತವೆ. ಪರಿಗಣಿಸದಿದ್ದರೆ ಎರಡೂ ಹೋಗುತ್ತವೆ. ಬಿದ್ದವರು ಅವರೇ ಆಗಿದ್ದರೂ, ಬೀಳಲು ಕಾರಣರಾದವರು ಯಾರು ಎಂಬ ಪ್ರಶ್ನೆಯನ್ನು ಕೆಲವರು ಕಾರಿಡಾರಿನಲ್ಲಿ ಪಿಸುಗುಟ್ಟುತ್ತಿರುವುದು ಗಮನಕ್ಕೆ ಬಂದಿದೆ. ಈ ಗೂಬೆಯನ್ನು ಓಕೆ ಬರೆದವರ ತಲೆಯ ಮೇಲೆ ಕೂರಿಸುವ ಪ್ರಯತ್ನ ನಡೆದಿರುವುದರಿಂದ, ಓಕೆ ಎಂದರೇನು ಎಂಬುದನ್ನು ಇತ್ಯರ್ಥಪಡಿಸುವುದು ಇಲಾಖೆಗೆ ಅನಿವಾರ್ಯವಾಯಿತು. ಬೇರೆ ಕೆಲಸವಿಲ್ಲದೆ ಇದನ್ನು ಮಾಡಲಾಗಿದೆ ಎಂಬ ಆರೋಪ ಸತ್ಯಕ್ಕೆ ದೂರವಾದುದು. ಬೇರೆ ಕೆಲಸಗಳಿದ್ದವು. ಅವುಗಳಿಗೆ ಓಕೆ ಬರೆಯಲಾಗಿದೆ.

೬. ವಿಚಾರಣೆಯಲ್ಲಿ ದಾಖಲಾದ ಹೇಳಿಕೆಗಳನ್ನು, ಕೆಳಹಂತದ ಸಿಬ್ಬಂದಿಗೆ ಬುದ್ಧಿ ಬರಲಿ ಎಂಬ ಉದ್ದೇಶದಿಂದ, ಆಡಿದ ಮಾತಿನಲ್ಲೇ ಕೊಡಲಾಗಿದೆ:

(ಅ) ಅಧೀಕ್ಷಕರು: “ನಾನು ಓಕೆ ಅಂತ ಬರೆದಿದ್ದು ನಿಜ. ಅಂದ್ರೆ ನೋಡಿದೀನಿ ಅಂತ. ಓದಿದೀನಿ ಅಂತ ನಿಮಗೆ ಯಾರು ಹೇಳಿದ್ದು?” ಈ ಹೇಳಿಕೆಯು ಸಮಂಜಸವಾಗಿದೆ. ನೋಡುವುದಕ್ಕೆ ಕಣ್ಣು ಸಾಕು. ಓದುವುದಕ್ಕೆ ಮನಸ್ಸೂ ಬೇಕಾಗುತ್ತದೆ. ಮನಸ್ಸು ಅಧೀಕ್ಷಕರ ವೇತನ ಶ್ರೇಣಿಯಲ್ಲಿ ಸೇರಿರುವುದಿಲ್ಲ.

(ಆ) ಲೆಕ್ಕಾಧಿಕಾರಿಗಳು: “ಇಲ್ಲ ಅಂತ ಬರೆದ್ರೆ ಯಾಕೆ ಅಂತ ಕೇಳ್ತಾರೆ, ಕಾರಣ ಕೊಡಬೇಕು. ಆಗಲಿ ಅಂತ ಬರೆದ್ರೆ ದುಡ್ಡು ಕೊಡಬೇಕು. ಓಕೆ ಅಂದ್ರೆ ಎರಡೂ ತಾಪತ್ರಯ ಇಲ್ಲ. ಇಷ್ಟು ವರ್ಷ ಹೀಗೇ ನಡ್ಕೊಂಡು ಬಂದಿದೆ, ಒಬ್ಬರೂ ತಕರಾರು ತೆಗೆದಿಲ್ಲ.” ಇವರ ದಕ್ಷತೆಯನ್ನು ಶ್ಲಾಘಿಸಲಾಗಿದೆ.

(ಇ) ಉಪನಿರ್ದೇಶಕರು: “ಮಗಳು ಹೊಸ ಪೆನ್ನು ಕೊಡಿಸಿದ್ಲು. ಬರೀತದೋ ಇಲ್ವೋ ಅಂತ ನೋಡ್ದೆ. ಬರೀತು.” ಪೆನ್ನನ್ನು ವಿಚಾರಣಾ ಸಮಿತಿಯ ಮುಂದೆ ಹಾಜರುಪಡಿಸಲಾಯಿತು. ಬರೆಯಿತು. ಆದ್ದರಿಂದ ಸದರಿ ಓಕೆಯು ಪೆನ್ನಿಗೆ ಸಂಬಂಧಿಸಿದ್ದೇ ಹೊರತು ಮೆಟ್ಟಿಲಿಗೆ ಸಂಬಂಧಿಸಿದ್ದಲ್ಲ ಎಂದು ಸಾಬೀತಾಗಿದೆ.

(ಈ) ನಿರ್ದೇಶಕರು: ಇವರನ್ನು ವಿಚಾರಣೆಗೆ ಕರೆಯುವ ಧೈರ್ಯ ಸಮಿತಿಗೆ ಇರಲಿಲ್ಲ. ಅವರ ಆಪ್ತ ಸಹಾಯಕರು ತಿಳಿಸಿದಂತೆ, ಕಡತ ಮೇಜಿನ ಮೇಲಿದ್ದಾಗ ನಿರ್ದೇಶಕರು ತಮ್ಮ ಅತ್ತೆಯವರೊಂದಿಗೆ ಫೋನಿನಲ್ಲಿದ್ದರು. ಅತ್ತೆಯವರು ಹೇಳಿದ ಯಾವುದೋ ಮಾತಿಗೆ ‘ಓಕೆ’ ಎನ್ನಬೇಕಾಗಿ ಬಂತು. ಬಾಯಿ ಹೇಳಿದ್ದನ್ನು ಕೈಯೂ ಬರೆಯಿತು. ಸದರಿ ಓಕೆಯು ಅತ್ತೆಯವರಿಗೆ ಸೇರತಕ್ಕದ್ದಾಗಿದ್ದು, ಕಡತದಲ್ಲಿ ಅದು ತಾತ್ಕಾಲಿಕವಾಗಿ ತಂಗಿದೆ ಅಷ್ಟೇ. ಅತ್ತೆಯವರು ಯಾವಾಗ ಬೇಕಾದರೂ ಗುರುತಿನ ಚೀಟಿ ತೋರಿಸಿ ಪಡೆದುಕೊಳ್ಳಬಹುದು.

(ಉ) ರಿಪೇರಿ ಮೇಸ್ತ್ರಿ: “ಓಕೆ ಅಂದ್ರೆ ಓಕೆ ಅಲ್ವಾ ಸಾರ್?” ವಿಚಾರಣೆಯಲ್ಲಿ ದಾಖಲಾದ ಮಾತುಗಳಲ್ಲೆಲ್ಲ ಇದೇ ಅತ್ಯಂತ ಆತಂಕಕಾರಿಯಾದುದು. ಸರ್ಕಾರಿ ಕಟ್ಟಡವೊಂದರಲ್ಲಿ ಒಬ್ಬ ಮನುಷ್ಯ ಬರೆದಿದ್ದನ್ನು ಬರೆದಂತೆಯೇ ತಿಳಿದುಕೊಂಡು ಸುತ್ತಿಗೆ ಹಿಡಿದು ಓಡಾಡುತ್ತಿದ್ದ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇದೇ ಕಡತದಲ್ಲಿ ಕಟ್ಟಡ ಕೆಡವುವ ಪ್ರಸ್ತಾವನೆ ಇದ್ದಿದ್ದರೆ ಇಂದು ಈ ಸುತ್ತೋಲೆಯನ್ನು ಬಯಲಿನಲ್ಲಿ ಕುಳಿತು ಬರೆಯಬೇಕಾಗುತ್ತಿತ್ತು.

೭. ಮೇಲಿನ ಹೇಳಿಕೆಗಳ ಹಿನ್ನೆಲೆಯಲ್ಲಿ, ಇನ್ನು ಮುಂದೆ ಕಡತದ ಮೇಲೆ ಕಂಡುಬರುವ ಓಕೆಯನ್ನು ಈ ಕೆಳಕಂಡಂತೆ ಅರ್ಥೈಸಿಕೊಳ್ಳಲು ಈ ಮೂಲಕ ಸೂಚಿಸಲಾಗಿದೆ. ಪುಟದ ಮೇಲ್ತುದಿಯಲ್ಲಿ ಬರೆದ ಓಕೆ ಎಂದರೆ ಕಡತ ಬಂದಿದೆ ಎಂದರ್ಥ. ಕೆಳತುದಿಯಲ್ಲಿ ಬರೆದದ್ದು ಕಡತ ಹೋಗಲಿ ಎಂದರ್ಥ. ಅಂಚಿನಲ್ಲಿ ಓರೆಯಾಗಿ ಬರೆದ ಓಕೆಯು, ಬರೆದವರು ಆಗ ಏಳುತ್ತಿದ್ದರು ಅಥವಾ ಕೂರುತ್ತಿದ್ದರು ಎಂಬುದನ್ನು ತಿಳಿಸುತ್ತದೆ. ಮುಂದೆ ಚುಕ್ಕೆ ಇದ್ದರೆ ಇನ್ನು ಈ ವಿಷಯ ಎತ್ತಬೇಡಿ ಎಂದು. ಚುಕ್ಕೆ ಇಲ್ಲದಿದ್ದರೆ ಎತ್ತಿದರೂ ಪ್ರಯೋಜನವಿಲ್ಲ ಎಂದು. ಹಸಿರು ಶಾಯಿಯಲ್ಲಿದ್ದರೆ ಬರೆದವರು ದೊಡ್ಡವರು. ಕೆಂಪು ಶಾಯಿಯಲ್ಲಿದ್ದರೆ ಅವರು ದೊಡ್ಡವರಾಗಲು ಬಯಸುವವರು. ಪೆನ್ಸಿಲಿನಲ್ಲಿದ್ದರೆ ಅದನ್ನು ಬರೆದೇ ಇಲ್ಲ. ಯಾವ ಸ್ಥಳದಲ್ಲಿ, ಯಾವ ಬಣ್ಣದಲ್ಲಿ, ಎಷ್ಟೇ ದೊಡ್ಡದಾಗಿ ಬರೆದಿದ್ದರೂ ಓಕೆಗೆ ‘ಮಾಡಿ’ ಎಂಬ ಅರ್ಥ ಇರತಕ್ಕದ್ದಲ್ಲ.

೮. ನಿಘಂಟಿನಲ್ಲಿ ಬೇರೆ ಅರ್ಥ ಕೊಟ್ಟಿದೆ ಎಂದು ವಾದಿಸಿದ ಗ್ರಂಥಾಲಯ ಗುಮಾಸ್ತರ ನಿಘಂಟನ್ನು ವಶಪಡಿಸಿಕೊಳ್ಳಲಾಗಿದೆ. ಅದು ಈಗ ಉಪನಿರ್ದೇಶಕರ ಮೇಜಿನ ಒಂದು ಕಾಲಿನ ಕೆಳಗೆ ಇಲಾಖೆಗೆ ಮೊದಲ ಬಾರಿಗೆ ಉಪಯೋಗಕ್ಕೆ ಬಂದಿದೆ.

೯. ಬಾಯಿಮಾತಿನ ಓಕೆಗಳ ವಿಷಯದಲ್ಲಿ ಸಿಬ್ಬಂದಿಯ ಅಜ್ಞಾನ ಇನ್ನೂ ಶೋಚನೀಯವಾಗಿದೆ. ಮೇಲಧಿಕಾರಿಗಳು ‘ಓಕೆ ಓಕೆ’ ಎಂದು ಎರಡು ಬಾರಿ ಹೇಳಿದಾಗ ಅದನ್ನು ಎರಡು ಪಟ್ಟು ಒಪ್ಪಿಗೆ ಎಂದು ತಿಳಿದು ಹಲ್ಲು ಕಿರಿದು ನಿಂತವರಿದ್ದಾರೆ. ಅದರ ಅರ್ಥ ‘ಬಾಯಿ ಮುಚ್ಚಿ’ ಎಂದು. ‘ಓ...ಕೇ’ ಎಂದು ಎಳೆದರೆ ಅವರು ನಿಮ್ಮ ಮಾತು ಕೇಳಿಸಿಕೊಂಡಿಲ್ಲ. ‘ಓಕೆ, ಬಿಡಿ’ ಎಂದರೆ ನಿಮ್ಮನ್ನು ನೆನಪಿಟ್ಟುಕೊಳ್ಳಲಾಗಿದೆ, ಆದರೆ ಒಳ್ಳೆಯದಕ್ಕಲ್ಲ. ‘ಓಕೆನಾ?’ ಎಂಬುದು ಪ್ರಶ್ನೆಯಂತೆ ಕೇಳಿಸಿದರೂ ಅದು ಪ್ರಶ್ನೆಯಲ್ಲ. ಅದಕ್ಕೆ “ಇಲ್ಲ ಸಾರ್” ಎಂದು ಉತ್ತರಿಸಿದ ಬೆರಳಚ್ಚುಗಾರರನ್ನು ಈಗ ನೆಲಮಾಳಿಗೆಯಲ್ಲಿ ಕೂರಿಸಲಾಗಿದೆ. ಫೋನಿನಲ್ಲಿ ಕಳುಹಿಸುವ ಹೆಬ್ಬೆರಳಿನ ಚಿತ್ರವನ್ನು ಓಕೆ ಎಂದು ಪರಿಗಣಿಸತಕ್ಕದ್ದಲ್ಲ. ಅದು ಹೆಬ್ಬೆರಳು.

೧೦. ಗಂಡ ಮನೆಯಲ್ಲಿ ಹೇಳಿದ ಓಕೆಯ ಅರ್ಥವನ್ನು ತಿಳಿಸಿಕೊಡಬೇಕೆಂದು ಟಪಾಲು ಶಾಖೆಯ ಮಹಿಳೆಯೊಬ್ಬರು ನಿಗದಿತ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದ್ದಾರೆ. “ತಾಯಿ ಮನೆಗೆ ಹೋಗಿ ಬರ್ಲಾ ಅಂದೆ, ಓಕೆ ಅಂದ್ರು, ಆಮೇಲೆ ಮಾತೇ ಆಡ್ತಿಲ್ಲ” ಎಂದು ಅವರು ಅರ್ಜಿಯಲ್ಲಿ ತಿಳಿಸಿದ್ದಾರೆ. ಇಂಥ ಓಕೆಯನ್ನು ಬಿಡಿಸುವಷ್ಟು ತಜ್ಞರು ಇಲಾಖೆಯಲ್ಲಿ ಇಲ್ಲ. ಅರ್ಜಿ ತಿರಸ್ಕರಿಸಲಾಗಿದೆ. ಶುಲ್ಕ ಹಿಂತಿರುಗಿಸಲಾಗುವುದಿಲ್ಲ.

೧೧. ಓಕೆ ಹೇಳುವ ಅಧಿಕಾರವು ಅಧೀಕ್ಷಕರ ದರ್ಜೆಗಿಂತ ಕೆಳಗಿನವರಿಗೆ ಇರುವುದಿಲ್ಲ. ಅವರು ‘ಹೂಂ ಸಾರ್’, ‘ಆಯ್ತು ಸಾರ್’, ತಲೆ ಅಲ್ಲಾಡಿಸುವುದು, ಇವುಗಳಲ್ಲಿ ಯಾವುದಾದರೂ ಒಂದನ್ನು ಬಳಸಿಕೊಳ್ಳತಕ್ಕದ್ದು. ಕ್ಯಾಂಟೀನಿನಲ್ಲಿ ಚಹಾ ತರುವವರು “ಸಕ್ಕರೆ ಓಕೆನಾ?” ಎಂದು ಕೇಳುವುದನ್ನು ತಕ್ಷಣದಿಂದ ನಿಲ್ಲಿಸಬೇಕು. ಸಕ್ಕರೆಯ ಬಗ್ಗೆ ಅಭಿಪ್ರಾಯ ಇರುವವರು ಲಿಖಿತವಾಗಿ ತಿಳಿಸಲಿ.

೧೨. ಯಾವುದೇ ಓಕೆಯ ಅರ್ಥದ ಬಗ್ಗೆ ಅನುಮಾನ ಬಂದಲ್ಲಿ, ಅದನ್ನು ಬರೆದವರನ್ನೇ ಹೋಗಿ ಕೇಳುವ ಅತಿರೇಕಕ್ಕೆ ಇಳಿಯದೆ, ಹೊಸದಾಗಿ ರಚಿಸಲಾದ ‘ಓಕೆ ಅರ್ಥನಿರ್ಣಯ ಸಮಿತಿ’ಗೆ ಬರೆಯತಕ್ಕದ್ದು. ಸಮಿತಿಯ ತೀರ್ಮಾನ ಬರುವವರೆಗೆ ಸದರಿ ಕೆಲಸವನ್ನು ಮಾಡುವಂತಿಲ್ಲ, ಬಿಡುವಂತೆಯೂ ಇಲ್ಲ. ಅದರಲ್ಲಿ ತೊಡಗಿರುವಂತೆ ಕಾಣಿಸಿಕೊಳ್ಳಬೇಕು. ಸಮಿತಿಯ ಮೊದಲ ಸಭೆಯ ಕೊನೆಯಲ್ಲಿ ಅಧ್ಯಕ್ಷರು “ಓಕೆ” ಎಂದು ಹೇಳಿ ಕಿಟಕಿಯ ಕಡೆ ನೋಡಿದರು. ಸಭೆ ಮುಗಿಯಿತೋ, ಮುಂದುವರಿಯುತ್ತದೋ, ಚಹಾ ತರಿಸಲು ಹೇಳಿದರೋ ಎಂದು ಸದಸ್ಯರಿಗೆ ನಿರ್ಧರಿಸಲು ಆಗಲಿಲ್ಲ. ಕಾವಲುಗಾರ ಬಂದು “ಬಾಗಿಲು ಹಾಕ್ಬೇಕು ಸಾರ್, ಎದ್ದೇಳಿ” ಎನ್ನುವವರೆಗೆ ಎಲ್ಲರೂ ಕುಳಿತೇ ಇದ್ದರು. ಸಮಿತಿಯು ತನ್ನ ವಿಷಯವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂಬುದಕ್ಕೆ ಇದು ನಿದರ್ಶನ.

೧೩. ಕೈಕಂಬಿ ಇಲ್ಲದ ಅವಧಿಯಲ್ಲಿ ಮೆಟ್ಟಿಲು ಬಳಸುವವರಿಗೆ ಈ ಸೂಚನೆಗಳು ಅನ್ವಯಿಸುತ್ತವೆ. ಕೈಕಂಬಿ ಇದ್ದ ಜಾಗದಲ್ಲಿ ಅದು ಇದೆ ಎಂದು ಭಾವಿಸಿ ನಡೆಯುವುದು. ಭಾವಿಸಿದ ಕೈಕಂಬಿಯ ಮೇಲೆ ಹೆಚ್ಚು ಭಾರ ಹಾಕಬಾರದು. ಒಂದು ಹಗ್ಗವನ್ನಾದರೂ ಕಟ್ಟಿ ಎಂದು ಕಾವಲುಗಾರ ಕೊಟ್ಟ ಸಲಹೆಯ ಮೇಲೆ ಓಕೆ ಬರೆದು ಕಪಾಟಿಗೆ ಕಳುಹಿಸಲಾಗಿದೆ. ಬೀಳುವವರು ಆದಷ್ಟೂ ಗೋಡೆಯ ಕಡೆಗೆ ಬೀಳುವುದು.

೧೪. ರಿಪೇರಿ ಮೇಸ್ತ್ರಿಯನ್ನು, ಅರ್ಥ ಮಾಡಿಕೊಂಡ ಆಪಾದನೆಯ ಮೇಲೆ, ಅಮಾನತಿನಲ್ಲಿಡಲಾಗಿದೆ. ಅವನು ದಿನಾ ಕೆಲಸ ಬಿಟ್ಟ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಿ ಸದರಿ ಸಹಾಯಕಿಯ ಹಾಸಿಗೆಯ ಬಳಿ ತಲೆ ತಗ್ಗಿಸಿ ಕೂರುತ್ತಾನೆ ಎಂದು ವರದಿಯಾಗಿದೆ. “ನಾನು ಕೀಳದೇ ಇದ್ದಿದ್ರೆ ಅಲ್ಲಾಡೋ ಕಂಬಿನಾದ್ರೂ ಇರ್ತಿತ್ತು ದೊಡ್ಡಮ್ಮ” ಎಂದು ಅವನು ಅತ್ತದ್ದನ್ನು ಕೇಳಿದವರಿದ್ದಾರೆ. ಸದರಿ ಸಹಾಯಕಿಯು ಅವನ ಕೈ ಹಿಡಿದು, “ನೀನೊಬ್ನೇ ಕಣೋ ಆ ಕಟ್ಟಡದಲ್ಲಿ ಎದ್ದು ಬಂದೋನು” ಎಂದರಂತೆ. ಇದನ್ನು ಇಲಾಖೆಯು ಅಶಿಸ್ತು ಎಂದು ಪರಿಗಣಿಸುತ್ತದೆ. ಅಮಾನತಿನಲ್ಲಿರುವವರಿಗೆ ಕೆಲಸ ಬಿಡುವ ಹೊತ್ತು ಎಂಬುದು ಇರುವುದಿಲ್ಲ.

೧೫. ಈಗ ಉಲ್ಲೇಖ (ಇ)ರ ಮನವಿಯ ಬಗ್ಗೆ. ಸದರಿ ಸಹಾಯಕಿಯು ಕರ್ತವ್ಯದಲ್ಲಿದ್ದಾಗ ಬಿದ್ದರೇ ಎಂಬುದನ್ನು ಇಲಾಖೆಯು ಯಾವ ಪೂರ್ವಗ್ರಹವೂ ಇಲ್ಲದೆ, ಅಂದರೆ ಇಲ್ಲ ಎಂದು ತೀರ್ಮಾನಿಸಿಕೊಂಡ ನಂತರ, ಪರಿಶೀಲಿಸಿರುತ್ತದೆ.

(ಅ) ಬೀಳುವುದು ದಾಖಲೆ ಕೋಣೆಯ ಸಹಾಯಕಿಯ ಕರ್ತವ್ಯಗಳ ಪಟ್ಟಿಯಲ್ಲಿ ಇಲ್ಲ. ಅವರು ಅದನ್ನು ಸ್ವಂತ ಆಸಕ್ತಿಯಿಂದ ಮಾಡಿರುತ್ತಾರೆ.

(ಆ) ಬಿದ್ದಾಗ ಅವರ ಎರಡೂ ಕೈಗಳಲ್ಲಿ ಕಡತಗಳಿದ್ದವು. ಆದ್ದರಿಂದ ಕೈಕಂಬಿ ಇದ್ದಿದ್ದರೂ ಅದನ್ನು ಹಿಡಿಯಲು ಕೈ ಖಾಲಿ ಇರಲಿಲ್ಲ. ಕೈಕಂಬಿಯ ಕೊರತೆಯಿಂದ ಅವರಿಗೆ ಯಾವುದೇ ನಷ್ಟವಾಗಿಲ್ಲ.

(ಇ) ಕಡತಗಳನ್ನು ತುರ್ತಾಗಿ ಮೇಲಕ್ಕೆ ತರಲು ಅಧೀಕ್ಷಕರೇ ಹೇಳಿದ್ದರು ಎಂಬ ವಾದವಿದೆ. ಅಧೀಕ್ಷಕರು ಹೇಳಿದ್ದು “ಬೇಗ ತನ್ನಿ” ಎಂದು. ಬೇಗ ತರುವುದಕ್ಕೂ ಬೇಗ ಇಳಿಯುವುದಕ್ಕೂ ವ್ಯತ್ಯಾಸವಿದೆ.

(ಈ) ಮೆಟ್ಟಿಲಿನ ಅಪಾಯವನ್ನು ಇಡೀ ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ತಿಳಿದವರು ಅವರೇ. ಲಿಖಿತವಾಗಿ ತಿಳಿಸಿದವರೂ ಅವರೇ. ಗೊತ್ತಿದ್ದೂ ಬಿದ್ದಿರುವುದು ಅಕ್ಷಮ್ಯ.

೧೬. ಇಷ್ಟಾದರೂ ಇಲಾಖೆಗೆ ಹೃದಯವಿದೆ. ಮಾನವೀಯತೆಯ ದೃಷ್ಟಿಯಿಂದ, ಕಲ್ಯಾಣ ಶಾಖೆಯ ಗುಮಾಸ್ತರ ಮೂಲಕ ಸದರಿ ಸಹಾಯಕಿಗೆ ಆಸ್ಪತ್ರೆಗೆ ಫೋನು ಮಾಡಿಸಿ ಕ್ಷೇಮ ವಿಚಾರಿಸಲಾಯಿತು. ಸಂಭಾಷಣೆಯನ್ನು ಕಡತದಲ್ಲಿ ದಾಖಲಿಸಲಾಗಿದೆ. ಗುಮಾಸ್ತರು, “ಹೇಗಿದ್ದೀರಾ ದೊಡ್ಡಮ್ಮ?” ಎಂದು ಕೇಳಿದರು. ಅದಕ್ಕೆ ಸದರಿ ಸಹಾಯಕಿಯು, “ಓಕೆ ಕಣಪ್ಪಾ... ನೀನೇನೂ ಯೋಚನೆ ಮಾಡ್ಬೇಡ. ಊಟ ಆಯ್ತಾ ನಿಂದು?” ಎಂದರು.

೧೭. ಆಗ ಫೋನನ್ನು ಅವರ ಸೊಸೆಯು ಕಿತ್ತುಕೊಂಡು, “ಏನ್ ಓಕೆ? ಎಲ್ಲಿ ಓಕೆ? ಮಗ್ಗುಲು ಬದಲಾಯಿಸೋಕೆ ಇಬ್ಬರು ಬೇಕು ಅತ್ತೆಗೆ. ನೋವಿಗೆ ರಾತ್ರಿಯೆಲ್ಲಾ ಸೆರಗು ಕಚ್ಕೊಂಡು ಮಲಗಿರ್ತಾರೆ, ನಮಗೆ ಗೊತ್ತಾಗ್ಬಾರ್ದು ಅಂತ. ಅವರು ಯಾರು ಕೇಳಿದ್ರೂ ಓಕೆ ಅಂತಾರೆ. ಜೀವನಪೂರ್ತಿ ಹಾಗೇ ಅಂದಿದಾರೆ. ನಿಮ್ಮ ಸಾಹೇಬ್ರಿಗೆ ಹೇಳಿ, ಒಬ್ಬರಾದ್ರೂ ಬಂದು ಕಣ್ಣಲ್ಲಿ ನೋಡ್ಕೊಂಡು ಹೋಗಿ ಅಂತ” ಎಂದು ಏರುದನಿಯಲ್ಲಿ ಹೇಳಿದರು. ಸದರಿ ಸೊಸೆಯು ಇಲಾಖೆಯ ನೌಕರರಲ್ಲವಾದ್ದರಿಂದ ಅವರ ಮಾತನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ಕಲ್ಯಾಣ ಶಾಖೆಯ ಗುಮಾಸ್ತರು ಫೋನಿಟ್ಟ ಮೇಲೆ ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲವೆಂದೂ, ಅಂದು ಊಟ ಮಾಡಲಿಲ್ಲವೆಂದೂ ತಿಳಿದುಬಂದಿದೆ. ಅವರಿಂದ ವಿವರಣೆ ಕೇಳಲಾಗಿದೆ.

೧೮. ಹೀಗಾಗಿ ಸದರಿ ಸಹಾಯಕಿಯು ಹೇಳಿದ ಓಕೆಯು ಸಮಿತಿಯ ಮುಂದೆ ಬಂತು. ಪ್ರಕರಣ ೧೧ರ ಪ್ರಕಾರ ಅವರಿಗೆ ಓಕೆ ಹೇಳುವ ಅಧಿಕಾರವೇ ಇಲ್ಲ ಎಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಆದರೆ ಇಲಾಖೆಗೆ ಅನುಕೂಲವಾಗುವ ಸಂದರ್ಭಗಳಲ್ಲಿ ನಿಯಮ ಸಡಿಲಿಸಲು ಅವಕಾಶವಿದೆ. ಸಮಿತಿಯು ಅದನ್ನು ಎಲ್ಲ ಕೋನಗಳಿಂದ ಪರೀಕ್ಷಿಸಿತು. ಪೆನ್ನಿನ ಪರೀಕ್ಷೆಗಾಗಿ ಹೇಳಿದ್ದಲ್ಲ. ಅತ್ತೆಗೆ ಹೇಳಿದ್ದಲ್ಲ, ಹೇಳಿದವರೇ ಅತ್ತೆ. ಎರಡು ಬಾರಿ ಹೇಳಿಲ್ಲ, ಎಳೆದಿಲ್ಲ, ಮುಂದೆ ‘ಬಿಡಿ’ ಸೇರಿಸಿಲ್ಲ. ‘ನೋಡೋಣ’ ಎಂಬ ಸುಳಿವೂ ಇಲ್ಲ. ಆದ್ದರಿಂದ, ಇಲಾಖೆಯ ಇತಿಹಾಸದಲ್ಲಿ ಈವರೆಗೆ ಬರೆದ ಮತ್ತು ಹೇಳಿದ ಓಕೆಗಳ ಪೈಕಿ ಸ್ಪಷ್ಟವೂ ಪೂರ್ಣವೂ ಬೇಷರತ್ತೂ ಆದ ಓಕೆ ಇದೊಂದೇ ಎಂದು ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿದೆ. ಇದನ್ನು ಹೇಳಿದಂತೆಯೇ ನಂಬತಕ್ಕದ್ದು.

೧೯. ಸದರಿ ಸಹಾಯಕಿಯು ಸ್ವತಃ ತಾನು ಓಕೆ ಎಂದು ತಿಳಿಸಿರುವುದರಿಂದ, ಅವರ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ. ರಜೆಯನ್ನು ನಿರಾಕರಿಸಲಾಗಿದೆ. ಅವರು ಬರುವ ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಕೆಲಸಕ್ಕೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಅವರ ಕುರ್ಚಿಯನ್ನು ಖಾಲಿ ಎಂದು ಪರಿಗಣಿಸಿ, ಅದನ್ನು ಬಹಳ ದಿನದಿಂದ ಕೇಳುತ್ತಿರುವ ಅಧೀಕ್ಷಕರ ಷಡ್ಡಕನಿಗೆ ನೀಡಲಾಗುವುದು. ಈತನಿಗೆ ದಾಖಲೆ ಕೋಣೆಯ ಧೂಳು ಆಗಿಬರುವುದಿಲ್ಲವಾದ್ದರಿಂದ ಕುರ್ಚಿಯನ್ನು ಬೇರೆ ಕೋಣೆಯಲ್ಲಿ ಹಾಕಿಕೊಡಲಾಗುವುದು.

೨೦. ಈ ಸುತ್ತೋಲೆಯಲ್ಲಿನ ಸೂಚನೆಗಳನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಓದಿದ ನಂತರ ಯಾರೂ ಕೆಳಗೆ ‘ಓಕೆ’ ಎಂದು ಬರೆಯಬಾರದು.

(ನಿರ್ದೇಶಕರ ಆದೇಶಾನುಸಾರ, ಅವರು ಫೋನಿನಲ್ಲಿದ್ದಾಗ ಪಡೆಯಲಾಗಿದೆ)

ಸಹಿ/-
ಅಧೀನ ಕಾರ್ಯದರ್ಶಿ, ಪದಪ್ರಯೋಗ
(ರಜೆಯ ಮೇಲಿದ್ದಾರೆ. ಕಾಲು ಉಳುಕಿದೆ. ಪೂರ್ಣ ವೇತನ ಸಹಿತ.)

ಪ್ರತಿಗಳು:

೧. ಎಲ್ಲ ಶಾಖಾ ಮುಖ್ಯಸ್ಥರಿಗೆ, ತಿಳಿದುಕೊಳ್ಳದಿರುವ ಸಲುವಾಗಿ.

೨. ನಿರ್ದೇಶಕರ ಅತ್ತೆಯವರಿಗೆ, ಗೌರವಪೂರ್ವಕವಾಗಿ, ರೇಷ್ಮೆ ದಾರ ಕಟ್ಟಿ.

೩. ಓಕೆ ಅರ್ಥನಿರ್ಣಯ ಸಮಿತಿಯ ಸದಸ್ಯರಿಗೆ. ಇನ್ನು ಎದ್ದು ಹೋಗಬಹುದು.

೪. ರಿಪೇರಿ ಮೇಸ್ತ್ರಿಗೆ, ಓದಬಹುದು, ಅರ್ಥ ಮಾಡಿಕೊಳ್ಳತಕ್ಕದ್ದಲ್ಲ.

೫. ಆಸ್ಪತ್ರೆಯ ಮೂಳೆ ವಿಭಾಗದ ದಾದಿಯವರಿಗೆ, ರೋಗಿಯನ್ನು ಭಾನುವಾರ ಸಂಜೆಯೊಳಗೆ ಎಬ್ಬಿಸಿ ನಿಲ್ಲಿಸುವ ಕೋರಿಕೆಯೊಂದಿಗೆ.

೬. ಸೊಸೆಗೆ ಪ್ರತಿ ಇಲ್ಲ.

೭. ಕಚೇರಿ ಪ್ರತಿ. ಇದನ್ನು ಕಪಾಟಿನಲ್ಲಿ ಇಡಬೇಕಾದವರು ಆಸ್ಪತ್ರೆಯಲ್ಲಿರುವುದರಿಂದ ಸದ್ಯಕ್ಕೆ ನೆಲದ ಮೇಲೆ ಇಡಲಾಗಿದೆ.

೮. ದಾಖಲೆ ಕೋಣೆಯ ಸಹಾಯಕಿಗೆ. ಅಂಚೆಯಲ್ಲಿ ಕಳುಹಿಸುವುದಿಲ್ಲ. ಸೋಮವಾರ ಖುದ್ದಾಗಿ ಮೂರನೇ ಮಹಡಿಗೆ ಹತ್ತಿ ಬಂದು ಪಡೆದುಕೊಳ್ಳುವುದು.